ನಾಯಿಮಾಂಸದ ಆಮದನ್ನು ವಿರೋಧಿಸುವುದು ಹೇಗೆ? ಮೊದಲು ಕಡತ, ಆಮೇಲೆ ಘೋಷಣೆ

ಮನುಷ್ಯರ ಆಹಾರಕ್ಕೆಂದು ಹೊರದೇಶದಿಂದ ನಾಯಿಮಾಂಸ ತರಿಸುವುದನ್ನು ವಿರೋಧಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ, ನೋಡಲಾಗದಂಥ ಚಿತ್ರವೊಂದನ್ನು ಹಂಚಿ ಅದರ ಕೆಳಗೆ ‘ಇದನ್ನು ಕೂಡಲೇ ನಿಲ್ಲಿಸಿ’ ಎಂದು ಬರೆಯುವುದು. ಯಾರು ನಿಲ್ಲಿಸಬೇಕು, ಯಾವ ಕಾಯ್ದೆಯ ಯಾವ ಕಲಮಿನಡಿ ನಿಲ್ಲಿಸಬೇಕು, ಹಾಗೆ ನಿಲ್ಲಿಸುವ ಅಧಿಕಾರ ಅವರಿಗೆ ಇದೆಯೇ ಎಂಬ ಪ್ರಶ್ನೆಗಳಿಗೆ ಆ ಚಿತ್ರ ಉತ್ತರ ಕೊಡುವುದಿಲ್ಲ. ಆಮದು ಎಂಬುದು ಮೊದಲಿನಿಂದ ಕೊನೆಯವರೆಗೆ ಕಾಗದದ ಮೇಲೆ ನಡೆಯುವ ವ್ಯವಹಾರ: ರಫ್ತು ಮಾಡುವ ದೇಶದ ಪಶುವೈದ್ಯರ ಪ್ರಮಾಣಪತ್ರ, ಹಡಗಿನ ಸರಕುಪಟ್ಟಿ, ಕ್ವಾರಂಟೈನ್ ಅಧಿಕಾರಿಯ ಒಪ್ಪಿಗೆ, ಆಹಾರ ಸುರಕ್ಷತಾ ಇಲಾಖೆಯ ಪರಿಶೀಲನೆ, ಕಸ್ಟಮ್ಸ್‌ನ ಸುಂಕದ ರಸೀದಿ. ಎಲ್ಲೋ ಮೂಲೆಯಲ್ಲಿ ಗುಟ್ಟಾಗಿ ನಡೆಯುವ ವಧೆಯನ್ನು ತಡೆಯಲು ಹೊರಟವರಿಗೆ ಸಿಗದ ಅನುಕೂಲವೊಂದು ಇಲ್ಲಿದೆ. ಕಾನೂನುಬದ್ಧವಾಗಿ ಬರುವ ಒಂದೊಂದು ಪೆಟ್ಟಿಗೆಗೂ ಯಾರೋ ಒಬ್ಬ ಸರ್ಕಾರಿ ನೌಕರ ಸಹಿ ಹಾಕಿರುತ್ತಾನೆ. ಆ ಸಹಿಯನ್ನು ಹುಡುಕಿ, ಅದು ಯಾವ ಆಧಾರದ ಮೇಲೆ ಬಿತ್ತೆಂದು ಬರವಣಿಗೆಯಲ್ಲಿ ಕೇಳುವುದರಿಂದ ವಿರೋಧ ಶುರುವಾಗಬೇಕು ಎಂಬುದು ಈ ಲೇಖನದ ನಿಲುವು.

ಲೆಕ್ಕದ ಪುಸ್ತಕದಲ್ಲಿ ನಾಯಿ ಎಲ್ಲಿದೆ

ಆಮದು ನಿಜಕ್ಕೂ ಆಗುತ್ತಿದೆಯೇ, ಆಗುತ್ತಿದ್ದರೆ ಎಲ್ಲಿಂದ, ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು. ಸರಕುಗಳನ್ನು ಗುರುತಿಸಲು ಹೆಚ್ಚುಕಡಿಮೆ ಎಲ್ಲ ದೇಶಗಳೂ ಬಳಸುವುದು ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆಯ ಎಚ್‌ಎಸ್ ಸಂಕೇತಗಳನ್ನು. 1988ರಿಂದ ಜಾರಿಯಲ್ಲಿರುವ ಈ ಪದ್ಧತಿಯಲ್ಲಿ ಮೊದಲ ಆರು ಅಂಕಿಗಳು ಎಲ್ಲೆಡೆಯೂ ಒಂದೇ ಆಗಿದ್ದು, ಅವುಗಳ ಮುಂದಿನ ಅಂಕಿಗಳನ್ನು ಆಯಾ ದೇಶ ತನ್ನ ಅಗತ್ಯಕ್ಕೆ ತಕ್ಕಂತೆ ಸೇರಿಸಿಕೊಳ್ಳುತ್ತದೆ. ದನ, ಹಂದಿ, ಕುರಿ, ಕೋಳಿಗಳಿಗೆ ಅವುಗಳದೇ ಶೀರ್ಷಿಕೆಗಳಿವೆ. ‘ಇತರ ಮಾಂಸ’ ಎಂಬ 0208ರ ಒಳಗೆ ಮೊಲ, ಮಂಗ, ತಿಮಿಂಗಿಲ, ಸರೀಸೃಪ, ಒಂಟೆಗಳಿಗೂ ಸ್ವಂತ ಸಂಕೇತಗಳಿವೆ. ನಾಯಿಗೆ ಇಲ್ಲ. ಅದು 0208.90 ಎಂಬ ‘ಉಳಿದದ್ದು’ ಗುಂಪಿಗೆ ಸೇರಿ, ಜಿಂಕೆಮಾಂಸ ಮತ್ತು ಕಪ್ಪೆಕಾಲುಗಳ ಜೊತೆಗೆ ಒಂದೇ ಮೊತ್ತದಲ್ಲಿ ಕರಗಿಹೋಗುತ್ತದೆ.

ಇದರಿಂದ ಎರಡು ತಪ್ಪುಗಳು ಹುಟ್ಟುತ್ತವೆ. 0208.90ರ ಇಡೀ ಮೊತ್ತವನ್ನು ನಾಯಿಮಾಂಸವೆಂದೇ ಓದಿಕೊಂಡು ‘ಇಷ್ಟು ಸಾವಿರ ಕಿಲೋ ಬಂದಿದೆ’ ಎಂದು ಸಾರುವುದು ಒಂದು. ಇಂಥ ಅಂಕಿಯನ್ನು ಇಲಾಖೆ ಒಂದೇ ಸಾಲಿನ ಸ್ಪಷ್ಟೀಕರಣದಿಂದ ಹೊಡೆದುಹಾಕುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಕೇತದ ಪಟ್ಟಿಯಲ್ಲಿ ‘ನಾಯಿ’ ಎಂದು ಹುಡುಕಿ, ಸಿಕ್ಕಿದ 2309.10ರ ದೊಡ್ಡ ಮೊತ್ತವನ್ನು ಕಂಡು ಹೌಹಾರುವುದು ಇನ್ನೊಂದು. ಅದು ನಾಯಿಬೆಕ್ಕುಗಳು ತಿನ್ನುವ ಡಬ್ಬಿ ಆಹಾರದ ಸಂಕೇತ. ನಗು ಬರುವಂಥದ್ದಾದರೂ ಇಂಥ ಅಂಕಿ ಮನವಿ ಪತ್ರದೊಳಗೆ ನುಸುಳುವುದು ಕಷ್ಟವೇನಲ್ಲ. 0208.90ರ ಜೊತೆಗೆ ಕಣ್ಣಿಡಬೇಕಾದ ಸಾಲುಗಳು ಬೇರೆ: ಉಪ್ಪು ಹಾಕಿದ ಅಥವಾ ಒಣಗಿಸಿದ ಮಾಂಸಕ್ಕೆ 0210.99, ಬೇಯಿಸಿದ ಅಥವಾ ಸಂಸ್ಕರಿಸಿದ ಮಾಂಸಕ್ಕೆ 1602.90, ಜೀವಂತ ನಾಯಿಗಳು ಬೀಳುವ 0106.19.

ಕಸ್ಟಮ್ಸ್‌ನ ಅಂಕಿಅಂಶ ಮಬ್ಬಾಗಿದ್ದಾಗ ಕ್ವಾರಂಟೈನ್ ಇಲಾಖೆಯ ದಾಖಲೆ ಸ್ಪಷ್ಟವಾಗಿರುವ ಸಾಧ್ಯತೆ ಇದೆ, ಏಕೆಂದರೆ ರೋಗದ ದೃಷ್ಟಿಯಿಂದ ನೋಡುವವರಿಗೆ ಮಾಂಸ ಯಾವ ಪ್ರಾಣಿಯದು ಎಂಬುದೇ ಮುಖ್ಯ. ಜಪಾನಿನಲ್ಲಿ ಪ್ರಾಣಿ ಕ್ವಾರಂಟೈನ್ ಇಲಾಖೆಯು ನಾಯಿಮಾಂಸವನ್ನು ತಪಾಸಣೆಗೆ ಒಳಪಡುವ ವಸ್ತುಗಳಲ್ಲಿ ಸೇರಿಸಿ ಲೆಕ್ಕವಿಡುವುದರಿಂದಲೇ ಅಲ್ಲಿ ಆಮದು ನಡೆಯುತ್ತದೆ ಎಂಬುದು ಸಾರ್ವಜನಿಕರಿಗೆ ತಿಳಿಯುತ್ತದೆ. ಅದೇ ದೇಶದ 1953ರ ವಧಾಗಾರ ಕಾಯ್ದೆಯು ದನ, ಕುದುರೆ, ಹಂದಿ, ಕುರಿ, ಆಡುಗಳನ್ನು ಮಾತ್ರ ಹೆಸರಿಸುತ್ತದೆ. ಅಂದರೆ ದೇಶದೊಳಗಿನ ಮಾಂಸ ತಪಾಸಣೆಯ ಚೌಕಟ್ಟಿನಲ್ಲಿ ನಾಯಿಗೆ ಜಾಗವೇ ಇಲ್ಲ. ದೇಶದೊಳಗೆ ತಪಾಸಣೆಯ ಕ್ರಮವೇ ಇಲ್ಲದ ಮಾಂಸಕ್ಕೆ ಗಡಿಯಲ್ಲಿ ಬಾಗಿಲು ತೆರೆದಿರುವ ಈ ವಿಚಿತ್ರವನ್ನು ನಿಮ್ಮ ದೇಶದ ಕಾನೂನಿನಲ್ಲೂ ಹುಡುಕಿ ನೋಡಿ. ಸಿಕ್ಕಿದರೆ ನಿಮ್ಮ ಮನವಿಯ ಬೆನ್ನೆಲುಬು ಅದೇ.

ಪ್ರಕಟವಾದ ಲೆಕ್ಕ ಸಾಲದೆ ಹೋದಾಗ ಮಾಹಿತಿ ಹಕ್ಕಿನ ಅರ್ಜಿಯ ಮೊರೆಹೋಗಬೇಕಾಗುತ್ತದೆ. ‘ನಾಯಿಮಾಂಸದ ಆಮದಿನ ಬಗ್ಗೆ ಸಂಪೂರ್ಣ ಮಾಹಿತಿ ನೀಡಿ’ ಎಂದು ಬರೆದರೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಹಿಂಬರಹ ಬರುವುದು ಬಹುತೇಕ ಖಚಿತ. ಅಧಿಕಾರಿಗೆ ಕಪಾಟಿನಿಂದ ತೆಗೆದುಕೊಡಲು ಬರುವಂಥ ಕಾಗದವನ್ನೇ ಹೆಸರಿಸಿ ಕೇಳಬೇಕು. ಹೀಗೆ ಬರೆಯಬಹುದು:

‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ 0208.90 ಸಂಕೇತದಡಿ ಮಾನವ ಬಳಕೆಗೆಂದು ಬಿಡುಗಡೆಯಾದ ಸರಕುಗಳಲ್ಲಿ, ಪ್ರಾಣಿಯ ಜಾತಿ ನಾಯಿ ಎಂದು ಘೋಷಿಸಲಾದ ಪ್ರತಿಯೊಂದು ಸರಕಿನ ತೂಕ, ಘೋಷಿತ ಮೌಲ್ಯ, ರಫ್ತು ಮಾಡಿದ ದೇಶ, ಬಂದರು ಮತ್ತು ಬಿಡುಗಡೆಯ ದಿನಾಂಕವನ್ನು ಒದಗಿಸುವುದು. ಆ ಸರಕುಗಳ ಜೊತೆ ಬಂದ ಪಶುವೈದ್ಯಕೀಯ ಆರೋಗ್ಯ ಪ್ರಮಾಣಪತ್ರಗಳ ನಕಲನ್ನು, ವ್ಯಾಪಾರಿಗಳ ಖಾಸಗಿ ವಿವರಗಳನ್ನು ಮರೆಮಾಡಿ, ನೀಡುವುದು. ನಾಯಿಮಾಂಸಕ್ಕೆ ಅನ್ವಯಿಸುವ ಪ್ರಮಾಣಪತ್ರದ ನಮೂನೆ, ವಧಾಗಾರದ ಅನುಮೋದನೆಯ ಷರತ್ತು ಮತ್ತು ರೇಬೀಸ್ ಸಂಬಂಧಿತ ಷರತ್ತು ಇರುವ ಆದೇಶ ಅಥವಾ ಸುತ್ತೋಲೆಯ ಪ್ರತಿಯನ್ನು ನೀಡುವುದು. ಅಂಥ ಆದೇಶವಿಲ್ಲದಿದ್ದರೆ ಇಲ್ಲವೆಂದು ಲಿಖಿತವಾಗಿ ತಿಳಿಸುವುದು.’

ಕೊನೆಯ ವಾಕ್ಯವನ್ನು ಬಿಡಬೇಡಿ. ‘ಇಲ್ಲ’ ಎಂಬ ಲಿಖಿತ ಉತ್ತರ ಎಷ್ಟೋ ಬಾರಿ ‘ಇದೆ’ ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಆಮದು ಶೂನ್ಯ ಎಂದು ಉತ್ತರ ಬಂದರೂ ಬೇಸರಪಡಬೇಕಾಗಿಲ್ಲ. ಯಾರ ಹೊಟ್ಟೆಪಾಡಿಗೂ ಪೆಟ್ಟು ಬೀಳದಿರುವಾಗ ನಿಷೇಧ ತರುವುದು ಸರ್ಕಾರಕ್ಕೆ ಅತ್ಯಂತ ಸುಲಭ, ಆ ಮಾತನ್ನು ಮನವಿಯಲ್ಲಿ ಹಾಗೆಯೇ ಬರೆಯಬಹುದು.

ಯಾರ ಮೇಜು

ಪ್ರಾಣಿರೋಗದ ಇಲಾಖೆ, ಆಹಾರ ಸುರಕ್ಷತಾ ಪ್ರಾಧಿಕಾರ, ಕಸ್ಟಮ್ಸ್, ಇವುಗಳ ಮೇಲೆ ವಾಣಿಜ್ಯ ಸಚಿವಾಲಯ: ನಾಲ್ವರಲ್ಲಿ ಯಾರನ್ನು ಕೇಳಿದರೂ ಇನ್ನೊಬ್ಬರತ್ತ ಕೈ ತೋರಿಸುವುದು ಈ ವಿಷಯದ ಜಾಯಮಾನ. ಆಮದು ನೀತಿಯನ್ನು ಬದಲಿಸುವ ಅಧಿಸೂಚನೆಗೆ ಯಾವ ಕಾಯ್ದೆಯಡಿ ಯಾರು ಸಹಿ ಹಾಕಬೇಕು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳದಿದ್ದರೆ ಗೆದ್ದದ್ದೂ ಕೈತಪ್ಪಬಹುದು. ನಾಗಾಲ್ಯಾಂಡಿನ ಉದಾಹರಣೆ ಇದಕ್ಕೆ ಕನ್ನಡಿ. 2020ರ ಜುಲೈನಲ್ಲಿ ಅಲ್ಲಿನ ರಾಜ್ಯ ಸರ್ಕಾರವು ನಾಯಿಗಳ ವಾಣಿಜ್ಯ ಆಮದು ಮತ್ತು ವ್ಯಾಪಾರವನ್ನೂ, ನಾಯಿ ಮಾರುಕಟ್ಟೆಗಳನ್ನೂ, ಬೇಯಿಸಿದ ಹಾಗೂ ಬೇಯಿಸದ ನಾಯಿಮಾಂಸದ ಮಾರಾಟವನ್ನೂ ನಿಷೇಧಿಸಿತು. ಪ್ರಾಣಿಪ್ರಿಯರು ಸಂಭ್ರಮಿಸಿದರು. ಆದರೆ ಆ ಆದೇಶ ಹೊರಟದ್ದು ಮುಖ್ಯ ಕಾರ್ಯದರ್ಶಿಯ ಕಚೇರಿಯಿಂದ. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅಂಥ ನಿಷೇಧಾಜ್ಞೆಯ ಅಧಿಕಾರವಿರುವುದು ಆಹಾರ ಸುರಕ್ಷತಾ ಆಯುಕ್ತರಿಗೆ ಎಂಬ ಕಾರಣವೂ ಸೇರಿ, 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಅದನ್ನು ರದ್ದುಪಡಿಸಿತು. ಪರವಾನಗಿ ಪಡೆದು ವ್ಯಾಪಾರ ಮಾಡುತ್ತಿದ್ದವರು ನ್ಯಾಯಾಲಯಕ್ಕೆ ಹೋಗಿದ್ದರು. ಅವರು ಹೋಗುವುದು ಸಹಜವೇ ಆಗಿತ್ತು. ಅದೇ ವರ್ಷ, ಅಂದರೆ 2020ರಲ್ಲಿ, ನೆರೆಯ ಮಿಜೋರಾಂ ಬೇರೆ ದಾರಿ ಹಿಡಿದು, ವಧಿಸಬಹುದಾದ ಪ್ರಾಣಿಗಳ ಪಟ್ಟಿಯಿಂದ ನಾಯಿಯನ್ನು ಕೈಬಿಡುವ ತಿದ್ದುಪಡಿಯನ್ನು ವಿಧಾನಸಭೆಯಲ್ಲೇ ಅಂಗೀಕರಿಸಿತು. ಆದೇಶ ಬೇಗ ಸಿಗುತ್ತದೆ, ಶಾಸನ ತಡವಾಗಿ ಸಿಗುತ್ತದೆ. ಆದರೂ ಕೇಳುವುದಾದರೆ ಶಾಸನವನ್ನೇ ಕೇಳಿ ಎಂಬುದು ನನ್ನ ಸಲಹೆ.

ಶಾಸನದ ಮಾತುಗಳೂ ಮುಖ್ಯ. ಫಿಲಿಪ್ಪೀನ್ಸ್ 1998ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಯಾವ ಪ್ರಾಣಿಗಳನ್ನು ಕೊಲ್ಲಬಹುದು ಎಂದು ಪಟ್ಟಿ ಮಾಡಿ, ನಾಯಿಯನ್ನು ಆ ಪಟ್ಟಿಯಿಂದ ಹೊರಗಿಟ್ಟಿತ್ತು. ಅಷ್ಟು ಸಾಲದೆಂದು ತೋರಿ 2007ರ ರೇಬೀಸ್ ವಿರೋಧಿ ಕಾಯ್ದೆಯಲ್ಲಿ, ಮಾಂಸಕ್ಕಾಗಿ ನಾಯಿಗಳ ವ್ಯಾಪಾರ ಮಾಡುವುದೇ ಅಪರಾಧವೆಂದು ಹೆಸರೆತ್ತಿ ಬರೆಯಬೇಕಾಯಿತು. ದಕ್ಷಿಣ ಕೊರಿಯಾದಲ್ಲಿ 1978ರಲ್ಲಿ ಮಾಂಸ ನೈರ್ಮಲ್ಯದ ಕಾಯ್ದೆಯಿಂದ ನಾಯಿಯನ್ನು ತೆಗೆದರೂ ಜಾನುವಾರು ಕಾಯ್ದೆಯಲ್ಲಿ ಉಳಿಸಿಕೊಂಡಿದ್ದರಿಂದ, ಸಾಕುವುದು ಸರಿ, ಕಡಿಯುವುದಕ್ಕೆ ಮಾತ್ರ ನಿಯಮವೇ ಇಲ್ಲ ಎಂಬ ಅತಂತ್ರ ಸ್ಥಿತಿ ನಾಲ್ಕು ದಶಕಗಳಿಗೂ ಮೀರಿ ನಡೆಯಿತು. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ನಿಷೇಧವಲ್ಲ. ‘ಮಾನವ ಬಳಕೆಗಾಗಿ ನಾಯಿಯ ಮಾಂಸ, ಒಳಾಂಗ ಮತ್ತು ಅವುಗಳಿಂದ ತಯಾರಾದ ಯಾವುದೇ ಉತ್ಪನ್ನದ ಆಮದು, ಮಾರಾಟ, ದಾಸ್ತಾನು’ ಎಂದು ಬಿಡಿಸಿ ಬರೆದದ್ದೇ ನಿಷೇಧ. ಅಮೆರಿಕವು 2018ರ ಡಿಸೆಂಬರಿನಲ್ಲಿ ಕೃಷಿ ಮಸೂದೆಯ ಭಾಗವಾಗಿ ತಂದ ಕಾನೂನು ಆಹಾರಕ್ಕಾಗಿ ನಾಯಿಬೆಕ್ಕುಗಳನ್ನು ವಧಿಸುವುದನ್ನು ಮಾತ್ರವಲ್ಲ, ಸಾಗಿಸುವುದು, ಸ್ವೀಕರಿಸುವುದು, ಕೊಳ್ಳುವುದು, ಮಾರುವುದು, ದಾನ ಕೊಡುವುದನ್ನೂ ಒಂದೊಂದಾಗಿ ಎಣಿಸಿ, 5,000 ಡಾಲರುಗಳವರೆಗೆ ದಂಡ ಗೊತ್ತುಪಡಿಸಿದೆ. ಕರಡು ಬರೆಯುವವರು ಆ ಎಣಿಕೆಯನ್ನು ಒಮ್ಮೆ ಓದುವುದು ಒಳ್ಳೆಯದು.

ಯಾವ ವಾದಕ್ಕೆ ಎಷ್ಟು ಬಲ

ವಿರೋಧಕ್ಕೆ ಕಾರಣಗಳು ಹಲವಿದ್ದರೂ ಅವೆಲ್ಲಕ್ಕೂ ಒಂದೇ ತೂಕವಿಲ್ಲ. ಬಹಳ ಮಂದಿ ಮೊದಲು ಎತ್ತುವುದು ರೇಬೀಸನ್ನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಈ ರೋಗಕ್ಕೆ ವರ್ಷಕ್ಕೆ ಸುಮಾರು 59,000 ಮಂದಿ ಬಲಿಯಾಗುತ್ತಾರೆ, ಮನುಷ್ಯರಿಗೆ ತಗಲುವ ಪ್ರಕರಣಗಳಲ್ಲಿ 99 ಪ್ರತಿಶತದವರೆಗೆ ನಾಯಿಗಳಿಂದಲೇ ಬರುತ್ತವೆ. ಆದರೆ ‘ನಾಯಿಮಾಂಸ ತಿಂದರೆ ರೇಬೀಸ್ ಬರುತ್ತದೆ’ ಎಂದು ಬರೆದರೆ ಎದುರಿನವರು ‘ಚೆನ್ನಾಗಿ ಬೇಯಿಸಿದರೆ ವೈರಾಣು ಸಾಯುತ್ತದೆ’ ಎನ್ನುತ್ತಾರೆ, ಅವರು ಹೇಳುವುದೂ ಸರಿ. ಅಪಾಯವಿರುವುದು ತಿನ್ನುವವನಿಗಿಂತ ಹೆಚ್ಚಾಗಿ ಹಿಡಿಯುವವನಿಗೆ, ಕಡಿಯುವವನಿಗೆ, ಹಸಿಯಾಗಿ ಮುಟ್ಟಿ ಕತ್ತರಿಸುವವನಿಗೆ. ವಿಯೆಟ್ನಾಮಿನಿಂದ 2009ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯಲ್ಲಿದ್ದ ಇಬ್ಬರು ರೇಬೀಸ್ ರೋಗಿಗಳನ್ನು ಯಾವ ಪ್ರಾಣಿಯೂ ಕಚ್ಚಿರಲಿಲ್ಲ. ಒಬ್ಬರು ನಾಯಿಯನ್ನು, ಇನ್ನೊಬ್ಬರು ಬೆಕ್ಕನ್ನು ಅಡುಗೆಗಾಗಿ ಕೊಯ್ದು ಸಿದ್ಧಪಡಿಸಿದ್ದರು. ಹೆಪ್ಪುಗಟ್ಟಿಸಿದರೆ ಈ ವೈರಾಣು ಸಾಯುವುದಿಲ್ಲ, ಉಳಿದುಕೊಳ್ಳುತ್ತದೆ. ಆದ್ದರಿಂದ ರೇಬೀಸಿನ ವಾದವನ್ನು ಹೀಗೆ ಮಂಡಿಸುವುದು ನ್ಯಾಯ: ಆಮದು ಮಾಡುವ ದೇಶದ ಬೇಡಿಕೆಯು ರಫ್ತು ಮಾಡುವ ದೇಶದಲ್ಲಿ ಲಸಿಕೆಯಿಲ್ಲದ ನಾಯಿಗಳನ್ನು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸಾಗಿಸಲು ಕಾರಣವಾಗುತ್ತದೆ; ರೋಗ ತಡೆಯಲು ನಾಯಿಗಳ ಪೈಕಿ 70 ಪ್ರತಿಶತಕ್ಕಾದರೂ ಲಸಿಕೆ ಹಾಕಿರಬೇಕೆಂಬ ಗುರಿಯನ್ನು ಈ ಓಡಾಟ ಕೆಡಿಸುತ್ತದೆ; 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸಿಗೆ ಒಬ್ಬ ಮನುಷ್ಯನೂ ಸಾಯಬಾರದೆಂಬ ಜಾಗತಿಕ ಸಂಕಲ್ಪಕ್ಕೆ ಇದು ಅಡ್ಡಗಾಲು. ಗಡಿಗಳನ್ನು ದಾಟುವ ಈ ಸಾಗಣೆಯ ಅಪಾಯವನ್ನು ಮನಗಂಡೇ 2013ರಲ್ಲಿ ಹನೋಯಿಯಲ್ಲಿ ಸೇರಿದ್ದ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂಗಳ ಅಧಿಕಾರಿಗಳು ಐದು ವರ್ಷಗಳ ಮಟ್ಟಿಗೆ ನಾಯಿಗಳ ವಾಣಿಜ್ಯ ಸಾಗಣೆ ನಿಲ್ಲಿಸಲು ಒಪ್ಪಿದ್ದರು.

ಟ್ರೈಕಿನೆಲ್ಲಾ ಎಂಬ ಪರೋಪಜೀವಿಯ ಮಾತು ಇದಕ್ಕಿಂತ ನೇರ, ಏಕೆಂದರೆ ಅದು ಮಾಂಸದಲ್ಲೇ ಇರುತ್ತದೆ. ಮಾಂಸಾಹಾರಿ ಪ್ರಾಣಿಗಳ ಸ್ನಾಯುಗಳಲ್ಲಿ ಮನೆ ಮಾಡುವ ಈ ಹುಳುವಿನ ಕೆಲವು ಪ್ರಭೇದಗಳು ಶೈತ್ಯಾಗಾರದ ಚಳಿಯನ್ನೂ ತಾಳಿಕೊಳ್ಳುತ್ತವೆ. ಹಂದಿಮಾಂಸಕ್ಕೆ ಇದರ ತಪಾಸಣೆ ರೂಢಿಯಲ್ಲಿರುವಾಗ ನಾಯಿಮಾಂಸಕ್ಕೆ ಯಾರು, ಎಲ್ಲಿ, ಹೇಗೆ ತಪಾಸಣೆ ಮಾಡಿದರು ಎಂಬ ಪ್ರಶ್ನೆಯನ್ನು ಮನವಿಯಲ್ಲಿ ತಪ್ಪದೆ ಕೇಳಿ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ವಾದ ಮೂಲದ್ದು. ಮಾಂಸಕ್ಕೆ ಕೊಡುವ ಆರೋಗ್ಯ ಪ್ರಮಾಣಪತ್ರಕ್ಕೆ ಬೆಲೆಯಿರಬೇಕಾದರೆ ಪ್ರಾಣಿ ಎಲ್ಲಿ ಹುಟ್ಟಿತು, ಏನು ತಿಂದು ಬೆಳೆಯಿತು, ಯಾವ ಔಷಧಿ ಯಾವಾಗ ಪಡೆಯಿತು, ವಧೆಗೆ ಮುನ್ನ ಮತ್ತು ನಂತರ ಪಶುವೈದ್ಯರು ನೋಡಿದರೇ ಎಂಬುದು ಗೊತ್ತಿರಬೇಕು. ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 2005ರಲ್ಲಿ ಅಂಗೀಕರಿಸಿದ ಮಾಂಸ ನೈರ್ಮಲ್ಯ ಸಂಹಿತೆಯ ತಿರುಳೇ ಇದು. ಬೀದಿಯಿಂದ ಹಿಡಿದ, ಮನೆಯಿಂದ ಕದ್ದ, ಹಲವು ಕಡೆಗಳಿಂದ ಒಟ್ಟುಮಾಡಿ ಒಂದೇ ಲಾರಿಯಲ್ಲಿ ತುಂಬಿದ ನಾಯಿಗಳ ವಿಷಯದಲ್ಲಿ ಈ ಯಾವ ಪ್ರಶ್ನೆಗೂ ಉತ್ತರವಿರುವುದಿಲ್ಲ. ವಧೆಗೆ ಬಂದ ನಾಯಿಯ ಕೊರಳಲ್ಲಿ ಇನ್ನೂ ಪಟ್ಟಿ ಇರುವ ದೃಶ್ಯ ಮನಸ್ಸನ್ನು ಕಲಕುತ್ತದೆ ನಿಜ. ಆದರೆ ಅಧಿಕಾರಿಯ ಮುಂದಿಡುವಾಗ ಆ ಕೊರಳಪಟ್ಟಿಯ ಅರ್ಥ ಬೇರೆ. ಈ ಪ್ರಾಣಿಗೆ ಸಾಕಣೆಯ ದಾಖಲೆಯಿಲ್ಲ, ಬಹುಶಃ ಮಾಲೀಕನ ಒಪ್ಪಿಗೆಯೂ ಇಲ್ಲ, ಆದ್ದರಿಂದ ಪ್ರಮಾಣಪತ್ರದ ‘ಮೂಲ’ ಎಂಬ ಅಂಕಣದಲ್ಲಿ ಏನೇ ಬರೆದಿದ್ದರೂ ಅದನ್ನು ನಂಬಲಾಗದು.

ಇದಕ್ಕೆ ಪೂರಕವಾಗಿ ರಫ್ತು ಮಾಡುವ ದೇಶದ ಕಾನೂನನ್ನೂ ತೆರೆದು ನೋಡಬೇಕು. ಚೀನಾದ ಕೃಷಿ ಸಚಿವಾಲಯವು 2020ರ ಮೇ ತಿಂಗಳಲ್ಲಿ ಪ್ರಕಟಿಸಿದ ಜಾನುವಾರು ಮತ್ತು ಕೋಳಿಸಾಕಣೆಯ ರಾಷ್ಟ್ರೀಯ ಪಟ್ಟಿಯಲ್ಲಿ ನಾಯಿ ಇಲ್ಲ. ಅದೇ ತಿಂಗಳ 1ರಿಂದ ಶೆನ್‌ಜೆನ್ ನಗರದಲ್ಲಿ ನಾಯಿಬೆಕ್ಕುಗಳ ಮಾಂಸ ತಿನ್ನುವುದನ್ನೂ ನಿಷೇಧಿಸಲಾಯಿತು. ತನ್ನ ದೇಶದಲ್ಲೇ ಜಾನುವಾರಲ್ಲದ ಪ್ರಾಣಿಯ ಮಾಂಸಕ್ಕೆ ಅಲ್ಲಿನ ಪಶುವೈದ್ಯರು ಯಾವ ನಿಯಮದಡಿ ಪ್ರಮಾಣಪತ್ರ ಕೊಡುತ್ತಾರೆ, ನಮ್ಮ ಅಧಿಕಾರಿಗಳು ಅದನ್ನು ಯಾವ ನಿಯಮದಡಿ ಸ್ವೀಕರಿಸುತ್ತಾರೆ ಎಂಬ ಜೋಡಿ ಪ್ರಶ್ನೆಯನ್ನು ಕೇಳಿದಾಗ ಕಡತ ನಿಂತಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು.

‘ಹಂದಿಯನ್ನು, ಕುರಿಯನ್ನು ತಿನ್ನುವವರು ನಾಯಿಯ ಪರವಾಗಿ ಮಾತನಾಡುವುದು ಯಾವ ನ್ಯಾಯ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ನಾಯಿಯ ನೋವು ಹಂದಿಯ ನೋವಿಗಿಂತ ದೊಡ್ಡದೆಂದು ಸಾಧಿಸಲು ಹೋದವರು ಆ ವಾದದಲ್ಲಿ ಸೋಲುತ್ತಾರೆ. ಹಂದಿಗೆ ಸಾಕಣೆಯ, ವಧೆಯ, ತಪಾಸಣೆಯ ನಿಯಮಗಳು ಎಷ್ಟು ಅರೆಕೊರೆಯಾದರೂ ಇವೆ, ನಾಯಿಗೆ ಇಲ್ಲ; ಹೊಸದಾಗಿ ಆ ನಿಯಮಗಳನ್ನು ಹುಟ್ಟುಹಾಕಿ ಇನ್ನೊಂದು ಪ್ರಾಣಿಯನ್ನು ಸರಪಳಿಗೆ ಸೇರಿಸುವುದು ಬೇಡ ಎಂದು ಹೇಳುವುದು ಮಾತ್ರ ಪ್ರಾಮಾಣಿಕವಾದ ಉತ್ತರ. ಅಷ್ಟರಲ್ಲಿ ನಿಲ್ಲಿಸಿ.

ವ್ಯಾಪಾರ ಒಪ್ಪಂದ ಎಂಬ ಗುಮ್ಮ

‘ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿಂದಾಗಿ ನಮ್ಮ ಕೈ ಕಟ್ಟಿಹೋಗಿದೆ’ ಎಂಬ ಉತ್ತರ ಬಂದಾಗ ಅನೇಕರು ಅಲ್ಲಿಗೇ ಸೋತು ಸುಮ್ಮನಾಗುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಆಮದಿನ ಮೇಲೆ ನಿರ್ಬಂಧ ಹೇರಬಾರದು, ಹೊರಗಿನ ಸರಕನ್ನು ಒಳಗಿನ ಸರಕಿಗಿಂತ ಕೀಳಾಗಿ ಕಾಣಬಾರದು ಎಂಬ ನಿಯಮಗಳು ಗ್ಯಾಟ್ ಎಂಬ ಸರಕು ವ್ಯಾಪಾರದ ಮೂಲ ಒಪ್ಪಂದದಲ್ಲಿ ಇರುವುದು ಹೌದು. ಅದೇ ಒಪ್ಪಂದದ 20ನೇ ವಿಧಿಯು ಸಾರ್ವಜನಿಕ ನೈತಿಕತೆಯ ರಕ್ಷಣೆಗೆ ಮತ್ತು ಮನುಷ್ಯರ, ಪ್ರಾಣಿಗಳ ಜೀವ ಹಾಗೂ ಆರೋಗ್ಯದ ರಕ್ಷಣೆಗೆ ವಿನಾಯಿತಿಗಳನ್ನೂ ಕೊಟ್ಟಿದೆ.

ಈ ವಿನಾಯಿತಿ ಬರಿಯ ಅಕ್ಷರವಲ್ಲ. ಯುರೋಪಿಯನ್ ಒಕ್ಕೂಟವು ಸೀಲ್ ಪ್ರಾಣಿಗಳ ಬೇಟೆಯಲ್ಲಿರುವ ಕ್ರೌರ್ಯದ ಕಾರಣಕ್ಕೆ 2009ರಲ್ಲಿ ಸೀಲ್ ಉತ್ಪನ್ನಗಳಿಗೆ ಮಾರುಕಟ್ಟೆಯನ್ನು ಮುಚ್ಚಿದಾಗ ಕೆನಡಾ ಮತ್ತು ನಾರ್ವೆ ತಕರಾರು ಎತ್ತಿದವು. 2014ರ ಮೇ ತಿಂಗಳಲ್ಲಿ ಹೊರಬಿದ್ದ, ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯ ವರದಿಯು, ಪ್ರಾಣಿಗಳ ಹಿತದ ಬಗ್ಗೆ ಜನರಿಗಿರುವ ನೈತಿಕ ಕಳಕಳಿಯು ಆಮದು ತಡೆಗೆ ನ್ಯಾಯವಾದ ಕಾರಣವಾಗಬಲ್ಲದು ಎಂದು ಒಪ್ಪಿತು. ಒಕ್ಕೂಟ ಎಡವಿದ್ದು ಬೇರೆಡೆ: ಮೂಲನಿವಾಸಿ ಇನ್ಯೂಟ್ ಜನರ ಬೇಟೆಗೆ ಕೊಟ್ಟ ವಿನಾಯಿತಿಯು ಒಂದು ಕಡೆಯವರಿಗೆ ಅನುಕೂಲವಾಗಿ, ಇನ್ನೊಂದು ಕಡೆಯವರಿಗೆ ಪ್ರತಿಕೂಲವಾಗಿ ಜಾರಿಯಾಗಿತ್ತು. ಕಾಯ್ದೆಯನ್ನು 2015ರಲ್ಲಿ ತಿದ್ದಿಕೊಂಡರು, ನಿಷೇಧ ಉಳಿಯಿತು. ನಾಯಿಬೆಕ್ಕುಗಳ ತುಪ್ಪಳದ ಆಮದನ್ನಂತೂ ಅಮೆರಿಕ 2000ದಲ್ಲಿ ಅಂಗೀಕರಿಸಿದ ಕಾನೂನಿನಿಂದಲೂ, ಯುರೋಪಿಯನ್ ಒಕ್ಕೂಟ 2008ರ ಡಿಸೆಂಬರ್ 31ರಿಂದಲೂ ತಡೆದಿವೆ. ತುಪ್ಪಳಕ್ಕೆ ಮುಚ್ಚಿದ ಬಾಗಿಲನ್ನು ಮಾಂಸಕ್ಕೆ ಮುಚ್ಚಲು ಬರುವುದಿಲ್ಲ ಎನ್ನುವವರು ಕಾರಣ ಕೊಡಬೇಕಾಗುತ್ತದೆ.

ಬೇಡಿಕೆಯ ಮಾತುಗಳು ಹೇಗಿರಬೇಕು ಎಂಬುದನ್ನು ಸೀಲ್ ಪ್ರಕರಣವೇ ಕಲಿಸುತ್ತದೆ. ‘ಹೊರಗಿನ ನಾಯಿಮಾಂಸ ಬೇಡ’ ಎಂದು ಮಾತ್ರ ಕೇಳಿ, ದೇಶದೊಳಗಿನ ಮಾರಾಟದ ಬಗ್ಗೆ ಮೌನವಾಗಿದ್ದರೆ ಅದು ತಾರತಮ್ಯವಾಗುತ್ತದೆ, ಒಂದೇ ತಕರಾರಿಗೆ ಉರುಳಿಬೀಳುತ್ತದೆ. ಹಾಗೆಯೇ ಒಂದು ದೇಶದ ಹೆಸರು ಹೇಳಿ ‘ಅಲ್ಲಿಂದ ಬರುವುದು ಬೇಡ’ ಎಂದರೂ ತಪ್ಪೇ. ಯಾವ ದೇಶದಿಂದ ಬಂದರೂ, ಇಲ್ಲೇ ತಯಾರಾದರೂ, ಮಾರುವಂತಿಲ್ಲ ಎಂದು ಒಂದೇ ವಾಕ್ಯದಲ್ಲಿ ಕೇಳಬೇಕು. ತೈವಾನ್ 2017ರ ಏಪ್ರಿಲಿನಲ್ಲಿ ಮಾಡಿದ ತಿದ್ದುಪಡಿ ಮಾರಾಟದ ಜೊತೆಗೆ ಕೊಳ್ಳುವುದನ್ನೂ ತಿನ್ನುವುದನ್ನೂ ದಂಡನೆಗೆ ಒಳಪಡಿಸಿತು. ತಿನ್ನುವವನನ್ನು ಶಿಕ್ಷಿಸಬೇಕೇ ಎಂಬುದು ಬೇರೆ ಚರ್ಚೆ. ದಕ್ಷಿಣ ಕೊರಿಯಾ 2024ರ ತನ್ನ ನಿಷೇಧ ಕಾಯ್ದೆಯಲ್ಲಿ ಅದನ್ನು ಬೇಕೆಂದೇ ಬಿಟ್ಟಿದೆ, ಅದೇ ಸರಿಯೆಂದು ನನಗೂ ಅನ್ನಿಸುತ್ತದೆ.

ಪೂರ್ಣ ನಿಷೇಧಕ್ಕೆ ಸರ್ಕಾರ ಸಿದ್ಧವಿಲ್ಲದಿದ್ದರೆ ನಡುವಿನ ಮೆಟ್ಟಿಲೊಂದಿದೆ. ಆಹಾರ ಸುರಕ್ಷತೆ ಮತ್ತು ಪ್ರಾಣಿರೋಗಕ್ಕೆ ಸಂಬಂಧಿಸಿದ ಎಸ್‌ಪಿಎಸ್ ಒಪ್ಪಂದದ 5.7ನೇ ವಿಧಿಯು, ವೈಜ್ಞಾನಿಕ ಪುರಾವೆ ಸಾಲದಾಗಿರುವ ಸಂದರ್ಭದಲ್ಲಿ ಇರುವ ಮಾಹಿತಿಯ ಆಧಾರದ ಮೇಲೆ ತಾತ್ಕಾಲಿಕ ತಡೆ ಹಾಕಲು ಅವಕಾಶ ಕೊಡುತ್ತದೆ. ಅಪಾಯದ ಅಧ್ಯಯನ ಮುಗಿಯುವವರೆಗೆ ಹೊಸ ಪ್ರಮಾಣಪತ್ರಗಳನ್ನು ಸ್ವೀಕರಿಸಬೇಡಿ ಎಂದು ಕೇಳುವುದು ಅಧಿಕಾರಿಗೂ ಸಹಿ ಹಾಕಲು ಸುಲಭವಾದ ಬೇಡಿಕೆ.

ಮನವಿ, ಆಕ್ಷೇಪಣೆ, ಸಹಿ ಸಂಗ್ರಹ

ಮನವಿ ಪತ್ರ ಎರಡು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ಬೇಡಿಕೆ, ಕಾಯ್ದೆಯ ಕಲಮು, ಸಹಿ ಹಾಕಬೇಕಾದ ಅಧಿಕಾರಿಯ ಹುದ್ದೆ ಬರಲಿ. ಆಮೇಲೆ ನಿಮಗೆ ಸಿಕ್ಕಿದ ಆಮದಿನ ಲೆಕ್ಕ ಮತ್ತು ಸಿಗದ ಕಾಗದಗಳ ಪಟ್ಟಿ. ಕೊನೆಗೆ ಆರೋಗ್ಯ, ಮೂಲ, ಕ್ರೌರ್ಯದ ಕಾರಣಗಳು. ನಾಯಿಯ ನಿಷ್ಠೆಯ ವರ್ಣನೆಗೆ ಇಲ್ಲಿ ಜಾಗವಿಲ್ಲ. ಟಪ್ಪಾಲಿನಲ್ಲಿ ಸ್ವೀಕೃತಿಯ ಮೊಹರು ಮತ್ತು ಸಂಖ್ಯೆ ಪಡೆಯದೆ ಹಿಂದಿರುಗಬೇಡಿ. ಮುಂದಿನ ಪತ್ರಗಳೆಲ್ಲ ಆ ಸಂಖ್ಯೆಯ ಬಾಲ ಹಿಡಿದೇ ಹೋಗಬೇಕು.

ಸಾವಿರಾರು ಸಹಿಗಳಿಗೆ ಅವುಗಳದೇ ಬೆಲೆಯಿದೆ, ಆದರೆ ಕರಡು ನಿಯಮ ಪ್ರಕಟವಾಗಿ ಸಾರ್ವಜನಿಕ ಆಕ್ಷೇಪಣೆಗೆ ಕರೆದಾಗ ಬೇರೆ ಬೇರೆ ಮಾತಿನಲ್ಲಿ ಬರೆದ ಇಪ್ಪತ್ತು ಪತ್ರಗಳು ಒಂದೇ ಪಠ್ಯಕ್ಕೆ ಬಿದ್ದ ಇಪ್ಪತ್ತು ಸಾವಿರ ಸಹಿಗಳಿಗಿಂತ ಹೆಚ್ಚು ತೂಗುತ್ತವೆ. ಪಶುವೈದ್ಯರೊಬ್ಬರು ವಧಾಪೂರ್ವ ತಪಾಸಣೆಯ ಬಗ್ಗೆ, ರೇಬೀಸ್ ನಿಯಂತ್ರಣದಲ್ಲಿ ದುಡಿದವರು ಲಸಿಕೆಯ ಬಗ್ಗೆ, ವಕೀಲರು ಅಧಿಕಾರ ವ್ಯಾಪ್ತಿಯ ಬಗ್ಗೆ ಬರೆಯುವಂತೆ ಮೊದಲೇ ಮಾತನಾಡಿಕೊಳ್ಳಿ. ಶಾಸಕರು ಅಥವಾ ಸಂಸದರು ಸದನದಲ್ಲಿ ಕೇಳುವ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಮಾತ್ರ ಬರುವ) ಒಂದು ಪ್ರಶ್ನೆ ಕೂಡ ಸಚಿವಾಲಯದಿಂದ ಲಿಖಿತ ಅಂಕಿಯನ್ನು ಹೊರಗೆ ತರುತ್ತದೆ. ಪ್ರಶ್ನೆಯನ್ನು ನೀವೇ ಸಿದ್ಧಪಡಿಸಿ ಅವರ ಕೈಗಿಟ್ಟರೆ ಅವರ ಕೆಲಸ ಹಗುರ. ಆಮದುದಾರರ ಸಂಖ್ಯೆ ಕಡಿಮೆಯಿರುವ ಕಡೆ ಅವರಿಗೆ, ಶೀತಲ ಗೋದಾಮಿನವರಿಗೆ, ಹಡಗು ಕಂಪನಿಗೆ ಸೌಜನ್ಯದ ಪತ್ರವೊಂದನ್ನು ಬರೆದು, ಈ ಸರಕನ್ನು ಮುಟ್ಟುವುದಿಲ್ಲವೆಂಬ ಲಿಖಿತ ಭರವಸೆ ಕೇಳುವುದೂ ಉಂಟು.

ಕೈಯಾರೆ ಕೆಡಿಸಿಕೊಳ್ಳುವ ಬಗೆಗಳು

ಚಳವಳಿಯನ್ನು ಒಂದೇ ದಿನದಲ್ಲಿ ಮಣ್ಣುಪಾಲು ಮಾಡುವ ಕೆಲಸವೆಂದರೆ ಕಣ್ಣಂದಾಜಿನ ಆರೋಪ. ಚರ್ಮ ಸುಲಿದು ತಲೆ ತೆಗೆದ ಮೇಲೆ ಆಡು ಯಾವುದು, ನಾಯಿ ಯಾವುದು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಬಾಲ ತುಸು ಉದ್ದವಿದೆ ಎಂಬ ಒಂದೇ ಕಾರಣಕ್ಕೆ ಆಡಿನ ಮಾಂಸವನ್ನು ನಾಯಿಯದೆಂದು ಕೂಗೆಬ್ಬಿಸಿ, ಪ್ರಯೋಗಾಲಯದ ವರದಿ ಬಂದ ಮೇಲೆ ತಲೆ ತಗ್ಗಿಸಬೇಕಾಗಿ ಬಂದದ್ದಿದೆ. ಅಷ್ಟರಲ್ಲಿ ವ್ಯಾಪಾರಿಯೊಬ್ಬನ ಹೆಸರು ಕೆಟ್ಟಿರುತ್ತದೆ, ಜನರ ನಡುವೆ ಹಗೆ ಹೊತ್ತಿರುತ್ತದೆ. ಅನುಮಾನ ಬಂದರೆ ಪೆಟ್ಟಿಗೆ ಒಡೆಯಬೇಡಿ, ವಿಡಿಯೊ ಹರಡಬೇಡಿ. ಲಾರಿ ಅಥವಾ ಕಂಟೇನರಿನ ಸಂಖ್ಯೆ, ಚೀಟಿಯಲ್ಲಿರುವ ಬರಹ, ಸ್ಥಳ, ಸಮಯ ಬರೆದುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಮಾದರಿಯನ್ನು ಅವರೇ ತೆಗೆದು, ಮೊಹರು ಮಾಡಿ, ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ನೀವು ತೆಗೆದ ತುಂಡಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಇನ್ನೊಂದು ಕೇಡು ಮಾತಿನದು. ನಾಯಿ ತಿನ್ನುವ ಸಮುದಾಯವನ್ನು, ದೇಶವನ್ನು, ಮುಖಚಹರೆಯನ್ನು ಹೀಯಾಳಿಸುವ ಒಂದು ಸಾಲು ಸಾಕು, ವಿಷಯ ಆಮದಿನಿಂದ ಜಾರಿ ಜನಾಂಗದ್ವೇಷಕ್ಕೆ ಹೋಗಿ ನಿಲ್ಲುತ್ತದೆ. ನಾಯಿಮಾಂಸವನ್ನು ಎಂದೂ ಮುಟ್ಟದ, ಅದೇ ದೇಶದಿಂದ ಬಂದು ನೆಲೆಸಿದ ಕುಟುಂಬದ ಮಗು ಶಾಲೆಯಲ್ಲಿ ಅದರ ಪೆಟ್ಟು ತಿನ್ನುತ್ತದೆ. ಈ ವ್ಯಾಪಾರದ ವಿರುದ್ಧ ಅತ್ಯಂತ ಗಟ್ಟಿಯಾಗಿ ಹೋರಾಡಿದವರು ಕೊರಿಯಾ, ಚೀನಾ, ವಿಯೆಟ್ನಾಂ, ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳ ನಾಗರಿಕರೇ ಎಂಬುದನ್ನು ನೆನಪಿಟ್ಟುಕೊಂಡು, ಸಾಧ್ಯವಾದರೆ ಅಂಥವರನ್ನೇ ನಿಮ್ಮ ಮನವಿಗೆ ಮೊದಲ ಸಹಿದಾರರನ್ನಾಗಿ ಮಾಡಿಕೊಳ್ಳಿ.

ಆದೇಶ ಬಂದ ಮೇಲೆ

ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾದ ದಿನ ಮೊದಲು ನೋಡಬೇಕಾದದ್ದು ಜಾರಿಯ ದಿನಾಂಕವನ್ನು ಮತ್ತು ಈಗಾಗಲೇ ಹಡಗೇರಿದ ಸರಕಿನ ಬಗ್ಗೆ ಏನು ಬರೆದಿದೆ ಎಂಬುದನ್ನು. ದಕ್ಷಿಣ ಕೊರಿಯಾದ ಸಂಸತ್ತು 2024ರ ಜನವರಿ 9ರಂದು 208 ಮತಗಳಿಂದ, ಒಂದೂ ವಿರೋಧವಿಲ್ಲದೆ, ಅಂಗೀಕರಿಸಿದ ನಾಯಿಮಾಂಸ ನಿಷೇಧ ಕಾಯ್ದೆಯಲ್ಲಿ ದಂಡನೆಯ ಭಾಗ ಜಾರಿಗೆ ಬರುವುದು 2027ರ ಫೆಬ್ರವರಿಯಲ್ಲಿ. ಸಾಕುವವರು, ಕಡಿಯುವವರು, ಹೋಟೆಲಿನವರು ಬೇರೆ ಕಸುಬಿಗೆ ಹೊರಳಲು ಮೂರು ವರ್ಷ ಮತ್ತು ಸರ್ಕಾರದ ನೆರವು, ಆಮೇಲೆ ವಧೆಗೆ 3 ವರ್ಷಗಳವರೆಗೆ ಜೈಲು ಅಥವಾ 3 ಕೋಟಿ ವಾನ್‌ವರೆಗೆ ದಂಡ. ದೇಶದೊಳಗಿನ ವ್ಯಾಪಾರಕ್ಕೆ ಇಂಥ ಗಡುವು ನ್ಯಾಯವೇ. ಆಮದಿಗೆ ಅಷ್ಟು ಬೇಕಾಗಿಲ್ಲ; ಸಮುದ್ರದಲ್ಲಿರುವ ಸರಕಿಗೆ ಕೆಲವು ವಾರ ಕೊಟ್ಟರೆ ಸಾಕು, ಇಲ್ಲದಿದ್ದರೆ ಗಡುವಿನೊಳಗೆ ಗೋದಾಮು ತುಂಬಿಸಿಕೊಳ್ಳುವ ಪೈಪೋಟಿ ಶುರುವಾಗುತ್ತದೆ.

ಕಾನೂನಿನ ಬಾಗಿಲು ಮುಚ್ಚಿದ ಮೇಲೆ ಸರಕು ಬೇರೆ ಹೆಸರಿನಲ್ಲಿ ಬರಬಹುದು. ಆದ್ದರಿಂದ ಪ್ರತಿ ಮೂರು ತಿಂಗಳಿಗೊಮ್ಮೆ ಅದೇ ನಾಲ್ಕು ಸಾಲುಗಳನ್ನು ತೆರೆದು ನೋಡಿ. 0208.90ರಲ್ಲಿ ಹಳೆಯ ರಫ್ತು ದೇಶದ ತೂಕ ಇಳಿದ ತಿಂಗಳಲ್ಲೇ 1602.90ರಲ್ಲಿ ಅದೇ ದೇಶದ ತೂಕ ಏರಿದ್ದರೆ, ಕಿಲೋ ಒಂದರ ಘೋಷಿತ ಮೌಲ್ಯವೂ ಹಳೆಯದಕ್ಕೆ ಹತ್ತಿರವಿದ್ದರೆ, ಆ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಮಾಡಿ, ಹಿಂದಿನ ಸ್ವೀಕೃತಿ ಸಂಖ್ಯೆಯನ್ನು ನಮೂದಿಸಿ, ಡಬ್ಬಿಗಳ ಡಿಎನ್‌ಎ ತಪಾಸಣೆಗೆ ಕೋರುವ ಹೊಸ ಅರ್ಜಿಯನ್ನು ಕ್ವಾರಂಟೈನ್ ಇಲಾಖೆಗೂ ಕಸ್ಟಮ್ಸ್‌ಗೂ ಒಂದೇ ದಿನ ಸಲ್ಲಿಸಿ.